ರಕ್ತಕ್ಕೆ ಮೂರು ತಿಂಗಳ ನೆನಪು

“ಭಾವ, ನರ್ಸಮ್ಮನನ್ನ ಕೇಳು. ಏಪ್ರಿಲ್ ತಿಂಗಳಲ್ಲಿ ಇಲೈಸಾನ ರಕ್ತ ತೆಗೆದವರು ಯಾರು ಅಂತ.”

ಕೇಳಿದವನು ಸಾರ್ಜೆಂಟ್ ಇನೋಕೆ. ಹೇಳಬೇಕಾದವಳು ನರ್ಸ್ ಲೊಸಾಲಿನಿ. ವುನಿತಿವಿ ಎಂಬ ದ್ವೀಪದ ಹಳ್ಳಿಯ ಆ ಪುಟ್ಟ ದವಾಖಾನೆಯಲ್ಲಿ ಇಬ್ಬರ ನಡುವೆ ಇದ್ದದ್ದು ಒಂದು ಮೇಜು, ಒಂದು ತೂಕದ ಯಂತ್ರ, ಮತ್ತು ಬೆಂಚಿನ ಮೇಲೆ ಕಾಲು ಮಡಿಚಿ ಕೂತ ಅಪೊರೋಸಾ. ಪ್ರಶ್ನೆ ನರ್ಸಿನ ಕಿವಿಗೆ ಸ್ಪಷ್ಟವಾಗಿಯೇ ಬಿದ್ದಿತ್ತು. ಆದರೂ ಅವಳು ಕಿಟಕಿಯಾಚೆಯ ಸಮುದ್ರವನ್ನು ನೋಡುತ್ತಿದ್ದಳು. ಇನೋಕೆ ನೆಲದ ಚಾಪೆಯನ್ನು ನೋಡುತ್ತಿದ್ದ.

ಅಪೊರೋಸಾ ಗಂಟಲು ಸರಿಮಾಡಿಕೊಂಡ. “ನರ್ಸಮ್ಮ, ಸುವಾದಿಂದ ಬಂದಿರೋ ಡೊಳ್ಳುಹೊಟ್ಟೆ ಪೊಲೀಸಪ್ಪ ಕೇಳ್ತಿದಾನೆ. ಏಪ್ರಿಲ್‌ನಲ್ಲಿ ರಕ್ತ ಹೀರಿದ ಸೊಳ್ಳೆ ಯಾವುದು ಅಂತ.”

“ನಾನೇ ಅಂತ ಹೇಳು,” ಎಂದಳು ಲೊಸಾಲಿನಿ, ಕಿಟಕಿಗೆ. “ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ.”

“ಸೊಳ್ಳೆ ಒಪ್ಕೊಳ್ತು, ಭಾವ.”

ಇನೋಕೆ, ಲೊಸಾಲಿನಿ, ಸತ್ತ ಇಲೈಸಾ, ಈ ಮೂವರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮೂವರು ಅಕ್ಕತಂಗಿಯರ ಮಕ್ಕಳು. ಅಂದರೆ ಅಣ್ಣತಂಗಿಯರು. ಈ ಊರಿನಲ್ಲಿ ಅಣ್ಣತಂಗಿಯರು ಹರೆಯಕ್ಕೆ ಬಂದ ಮೇಲೆ ಮುಖ ನೋಡಿ ಮಾತನಾಡುವಂತಿಲ್ಲ, ಮೈ ಸೋಕುವಂತಿಲ್ಲ, ಒಬ್ಬರಿದ್ದ ಕಡೆ ಇನ್ನೊಬ್ಬರು ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಮಾತು ಬೇಕೇ ಬೇಕೆಂದಾಗ ನಡುವೆ ಒಬ್ಬ ಭಾವ ಇರಬೇಕು. ಅವರ ಸೋದರಮಾವನ ಮಗ ಅಪೊರೋಸಾ ಆ ನಡುವಿನವನು. ಭಾವನಾದವನು ಯಾರಿಗೆ ಏನು ಬೇಕಾದರೂ ಅನ್ನಬಹುದು. ಬೈಯಬಹುದು, ಅಣಕಿಸಬಹುದು, ಅಂಗಿ ಕಸಿದುಕೊಂಡು ಹೋಗಲೂಬಹುದು. ಕೋಪಿಸಿಕೊಂಡರೆ ಕೋಪಿಸಿಕೊಂಡವನದೇ ತಪ್ಪು.

ಇಲೈಸಾ ಮೈಯೆಲ್ಲ ಹಳದಿಯಾಗಿ, ಹೊಟ್ಟೆ ನೀರು ತುಂಬಿ ಸತ್ತು ಅಂದಿಗೆ ಹನ್ನೆರಡು ದಿನ. ಚರ್ಮರೋಗಕ್ಕೆಂದು ಕೊಟ್ಟ, ವಾರಕ್ಕೊಂದೇ ನುಂಗಬೇಕಾದ ಹಳದಿ ಮಾತ್ರೆಯನ್ನು ದಿನಕ್ಕೊಂದು ನುಂಗುವಂತೆ ನರ್ಸು ತಪ್ಪಾಗಿ ಹೇಳಿ ಕಳಿಸಿದ್ದರಿಂದಲೇ ಯಕೃತ್ತು ಸುಟ್ಟುಹೋಯಿತು ಎಂದು ಮೇಲಿನವರು ತೀರ್ಮಾನಿಸಿಬಿಟ್ಟಿದ್ದರು. ಸೋಮವಾರದ ದೋಣಿಗೆ ಲೊಸಾಲಿನಿಯನ್ನು ರಾಜಧಾನಿ ಸುವಾಕ್ಕೆ ಕರೆತರಬೇಕೆಂಬ ಆದೇಶ ಇನೋಕೆಯ ಜೇಬಿನಲ್ಲಿತ್ತು. ಅಂದು ಶನಿವಾರ.

ಅವನು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

“ಇನ್ನೊಂದು ಕೇಳು, ಭಾವ. ಮಾತ್ರೆ ವಾರಕ್ಕೆಷ್ಟು ಅಂತ ಹೇಳಿ ಕಳಿಸಿದ್ದಳು? ಸೀಸೆಯನ್ನ ಹೇಗೆ ಕಟ್ಟಿ ಕೊಟ್ಟಿದ್ದಳು?”

“ವಾರಕ್ಕೆಷ್ಟು ಅಂತ ಕೇಳ್ತಿದಾನೆ, ನರ್ಸಮ್ಮ.”

“ಒಂದು. ಭಾನುವಾರ ಮಾತ್ರ.”

“ಒಂದೇ ಒಂದು. ನಾನು ನಿನ್ನೇನೇ ಹೇಳಿದ್ನಲ್ಲ ಭಾವ, ಬರ್ಕೊಂಡೆಯಲ್ಲ! ಹದಿನಾಲ್ಕು ವಾರ, ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಆ ಮಾತ್ರೆಯನ್ನ ನನ್ನ ಅಂಗೈಯಿಂದಲೇ ಎತ್ಕೊಂಡು ನುಂಗ್ತಿದ್ದ. ಕಣ್ಣಾರೆ ಕಂಡವನು ನಾನು. ದಿನಕ್ಕೊಂದಂತೆ! ಸುವಾದವರ ತಲೆ.”

ಇನೋಕೆ ಬರೆದುಕೊಂಡಿದ್ದು ನಿಜ. ಸೀಸೆ ತನ್ನ ಬಳಿಯೇ ಇತ್ತು, ಸಾವಿನ ಮನೆಯ ವಸ್ತು ಇಟ್ಟುಕೊಳ್ಳಬಾರದೆಂದು ಸಮುದ್ರಕ್ಕೆ ಎಸೆದೆ ಎಂದೂ ಅಪೊರೋಸಾ ಹೇಳಿದ್ದ. ಭಾವನ ಸಾಕ್ಷಿಯನ್ನು ಯಾವ ನ್ಯಾಯಾಧೀಶನೂ ಮೂಸಿ ನೋಡುವುದಿಲ್ಲ, ಅದು ಬೇರೆ ಮಾತು. ಆದರೆ ಇನೋಕೆಯ ಮನಸ್ಸು ತಡೆದದ್ದು ಈಗ, ಇನ್ನೊಂದು ಕಡೆ. ಅವನು ಎರಡು ಪ್ರಶ್ನೆ ಕೇಳಿದ್ದ. ಅವಳಿಗೆ ತಲುಪಿದ್ದು ಒಂದು. ಸೀಸೆಯ ಪ್ರಶ್ನೆ ಬೆಂಚಿನ ಹತ್ತಿರವೇ ಬಿದ್ದುಹೋಗಿತ್ತು. ಅವಳು ಅದನ್ನು ಕೇಳಿಸಿಕೊಂಡಿದ್ದಳು. ಆದರೆ ಭಾವನ ಬಾಯಿಂದ ಬಾರದ ಪ್ರಶ್ನೆಗೆ ಉತ್ತರಿಸುವಂತಿರಲಿಲ್ಲ.

ಮರೆತನೇ? ಮರೆಸಿದನೇ?

ಅದನ್ನು ಅಲ್ಲಿಗೇ ಬಿಟ್ಟು, ಇನೋಕೆ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡ.

“ಭಾವ, ನನ್ನನ್ನ ನೋಡು. ಬೆಳಿಗ್ಗೆಯಿಂದ ಈ ಕೋಣೇಲಿ ಕೂತಿದೀನಿ. ನರ್ಸಮ್ಮನ ಕಾಲಿನ ಚಪ್ಪಲಿ ಬಿಟ್ಟು ಇನ್ನೇನನ್ನಾದರೂ ನೋಡಿದೀನಾ?”

“ಎಲ್ಲಿ ನೋಡ್ತೀಯ? ನಿನಗೆ ಮರ್ಯಾದೆ ಕಲಿಸಿರೋದು ನಮ್ಮತ್ತೆ.”

“ಇಲೈಸಾನಿಗೂ ಕಲಿಸಿದ್ದು ಅವರ ಮನೆಯವರೇ. ನನಗೆ ಅವಳ ಮುಖ ನೋಡೋಕಾಗಲ್ಲ ಅಂದ್ರೆ, ಅವನು ತೋಳು ಚಾಚಿ ಕೂತನಾ? ಇವಳು ಅಣ್ಣನ ತೋಳು ಹಿಡ್ಕೊಂಡು ಸೂಜಿ ಚುಚ್ಚಿದಳಾ?”

ಹೊರಗೆ ಯಾರದೋ ಹುಂಜ ಬಾವಿಕಟ್ಟೆಯ ಮೇಲೆ ಕೂಗಿತು.

ಲೊಸಾಲಿನಿ ಕಿಟಕಿಯ ಸರಳನ್ನು ಹಿಡಿದುಕೊಂಡಳು. ಅಪೊರೋಸಾ ಹಲ್ಲು ಬಿಟ್ಟ.

“ಸರಿ, ಸಿಕ್ಕಿಬಿದ್ದೆ. ನಾನೇ ತೆಗೆದದ್ದು. ಹಿಂದೆ ಸುವಾದ ಆಸ್ಪತ್ರೇಲಿ ಆರು ವರ್ಷ ವಾರ್ಡ್‌ಬಾಯ್ ಆಗಿದ್ದವನು ನಾನು. ನಿನ್ನಂಥ ಹೆದರುಪುಕ್ಕರ ಎಷ್ಟು ತೋಳಿಗೆ ಚುಚ್ಚಿಲ್ಲ? ಅವಳು ಕೊಳವೆ ಕೊಟ್ಟು ಕಳಿಸ್ತಿದ್ದಳು, ನಾನು ಅವನ ಮನೇಲಿ ರಕ್ತ ತುಂಬಿ ತಂದುಕೊಡ್ತಿದ್ದೆ. ಸಹಿ ಮಾತ್ರ ಅವಳದು. ಇದಕ್ಕೂ ಜೈಲಾ?”

“ಫೆಬ್ರವರಿಯದು?”

“ಅದನ್ನ ತೆಗೆದದ್ದು ಚರ್ಮದ ಡಾಕ್ಟರೇ. ದೋಣೀಲಿ ಬಂದಿದ್ದರಲ್ಲ, ಮಣಗಟ್ಟಲೆ ಸೂಜಿ ಹೊತ್ಕೊಂಡು.”

ಅಷ್ಟು ಸಾಕಾಗಿತ್ತು. ಇನೋಕೆ ಚೀಲದಿಂದ ರಕ್ತಪರೀಕ್ಷೆಯ ಮೂರು ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಫೆಬ್ರವರಿ, ಏಪ್ರಿಲ್, ಜೂನ್. ಮೂರರ ಮೇಲೂ ಒಂದೇ ಹೆಸರು.

ಸುವಾದ ಚರ್ಮವೈದ್ಯ ರೊನಿಲ್ ದತ್ ಒಂದೂವರೆ ವರ್ಷದಿಂದ ದ್ವೀಪ ದ್ವೀಪ ಸುತ್ತಿ ಚರ್ಮರೋಗಿಗಳ ರಕ್ತ ಕೂಡಿಸುತ್ತಿದ್ದ. ಚರ್ಮದ ಮೇಲೆ ಕೆಂಪಗೆ ಉರಿಯುವುದು ಒಳಗೂ ಉರಿಯುತ್ತದೆ, ರಕ್ತದ ಸಕ್ಕರೆ ಕೊಬ್ಬುಗಳನ್ನೂ ಕೆಡಿಸುತ್ತದೆ ಎಂಬುದು ಅವನ ವಾದ. ಇಲೈಸಾನಿಗೆ ಎರಡು ಚರ್ಮರೋಗವಿತ್ತು. ಮೊಣಕೈ ಮೊಣಕಾಲಿನ ಮೇಲೆ ಬೆಳ್ಳಿಯ ಹೊಟ್ಟಿನಂತೆ ಉದುರುವ ಸೋರಿಯಾಸಿಸ್ ಒಂದು. ಹಗಲಿರುಳು ಬಟ್ಟಲಲ್ಲಿ ಹಂಚಿಕೊಂಡು ಅಮಲಿನ ಯಾಂಗೋನ ಬೇರಿನ ನೀರು ಕುಡಿಯುವವರ ಮೈಯೆಲ್ಲ ಮೀನಿನ ಹುರುಪೆಯಂತೆ ಒಣಗುವ ಕನಿಕನಿ ಇನ್ನೊಂದು. ಬೇರಿನ ನೀರು ಬಿಟ್ಟು, ಯಕೃತ್ತು ಸುಧಾರಿಸಿದರೆ ಮಾತ್ರ ಹಳದಿ ಮಾತ್ರೆ ಕೊಡುವೆ, ಇಲ್ಲವಾದರೆ ಸುವಾಕ್ಕೆ ಕರೆದೊಯ್ದು ಆಸ್ಪತ್ರೆಯಲ್ಲಿ ಮಲಗಿಸುವೆ ಎಂದು ದತ್ ಹೇಳಿ ಹೋಗಿದ್ದ.

ಫೆಬ್ರವರಿಯಲ್ಲಿ ಯಕೃತ್ತಿನ ಅಂಕಿ ಇನ್ನೂರ ಹನ್ನೆರಡು. ಏಪ್ರಿಲ್‌ನಲ್ಲಿ ಇಪ್ಪತ್ತನಾಲ್ಕು. ಜೂನ್‌ನಲ್ಲಿ ಇಪ್ಪತ್ತೆರಡು. ಕುಡಿತ ಬಿಟ್ಟ ಸಜ್ಜನನ ರಕ್ತ.

“ನೋಡು!” ಎಂದ ಅಪೊರೋಸಾ. “ಬಟ್ಟಲು ಮುಟ್ಟಲಿಲ್ಲ ಪುಣ್ಯಾತ್ಮ.”

“ಅದರ ಕೆಳಗಿನ ಸಾಲು ನೋಡು, ಭಾವ. ಸಕ್ಕರೆ.”

ಆ ದಿನ ಬೆಳಿಗ್ಗೆ ಇನೋಕೆ ಗುಡ್ಡ ಹತ್ತಿ, ಫೋನು ಸಿಗುವ ದೀವಿಹಲಸಿನ ಮರದ ಕೆಳಗೆ ನಿಂತು ದತ್‌ಗೆ ಈ ಮೂರೂ ಚೀಟಿ ಓದಿ ಹೇಳಿದ್ದ. ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಂಡ ವೈದ್ಯ ಸಕ್ಕರೆಯ ಸಾಲನ್ನು ಮತ್ತೊಮ್ಮೆ ಓದಿಸಿದ. ಆಮೇಲೆ ಹೇಳಿದ ಮಾತು ಇನೋಕೆಯ ಕಿವಿಯಲ್ಲಿ ಇನ್ನೂ ಇತ್ತು.

“ಸಾರ್ಜೆಂಟ್, ಮುಂಜಾನೆಯ ಸಕ್ಕರೆ ಒಂದು ದಿನ ಉಪವಾಸ ಇದ್ದರೂ ಇಳಿಯುತ್ತೆ. ಇದು ಹಾಗಲ್ಲ. ಇದು ಮೂರು ತಿಂಗಳ ಸರಾಸರಿ ಸಕ್ಕರೆ. ರಕ್ತಕ್ಕೆ ಮೂರು ತಿಂಗಳ ನೆನಪಿರುತ್ತೆ. ಎಂಟೂವರೆ ಇದ್ದದ್ದು ಏಳೇ ವಾರದಲ್ಲಿ ಐದಕ್ಕೆ ಬಂತು ಅಂದ್ರೆ, ಆ ರಕ್ತ ನೆನಪು ಕಳಕೊಂಡಿದೆ. ಇಲ್ಲಾಂದ್ರೆ ಅದು ಬೇರೆಯವರ ನೆನಪು. ಒಂದೊಂದು ಚೀಟಿ ಒಂದೊಂದು ತಿಂಗಳು ಬಂತು. ನಾನು ಲಿವರ್ ಅಂಕಿ ನೋಡಿ ಖುಷಿಪಟ್ಟೆ. ತಪ್ಪು ನನ್ನದೂ ಇದೆ.”

ಇನೋಕೆ ಇದನ್ನೆಲ್ಲ ಅಪೊರೋಸಾನಿಗೆ ಹೇಳಿದ, ನಿಧಾನವಾಗಿ, ಕಿಟಕಿಯ ಬಳಿಯವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ.

“ಏಪ್ರಿಲ್, ಜೂನ್, ಎರಡರಲ್ಲೂ ಇರೋದು ಇಲೈಸಾನ ರಕ್ತ ಅಲ್ಲ. ತುಂಬಿದವನು ನೀನು. ಯಾರ ತೋಳಿನಿಂದ ತುಂಬಿದೆ?”

“ಕಿಂಗ್ ಮೀನಿಂದು,” ಎಂದ ಅಪೊರೋಸಾ.

“ಭಾವ.”

“ಹೋಗ್ಲಿ, ನನ್ನದೇ. ಅವನು ಕಾಲು ಹಿಡಿದ. ಸುವಾಕ್ಕೆ ಹೋಗಲ್ಲ, ಬಟ್ಟಲೂ ಬಿಡಲ್ಲ, ನೀನೇ ಉಳಿಸು ಅಂದ. ಭಾವ ಕೇಳಿದ ಮೇಲೆ ಇಲ್ಲ ಅನ್ನೋಕಾಗತ್ತಾ? ನಿನ್ನ ತೋಳಿದ್ದರೂ ಕಿತ್ತು ಕೊಡ್ತಿದ್ದೆ.” ಎರಡೂ ಮಣಿಕಟ್ಟುಗಳನ್ನು ಜೋಡಿಸಿ ಮುಂದೆ ಚಾಚಿದ. “ಹಾಕು ಬೇಡಿ. ಅವಳನ್ನ ಬಿಡು.”

ಕೇಳಲು ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು. ಇನೋಕೆ ಬೇಡಿ ತೆಗೆಯಲಿಲ್ಲ. ಚಾಚಿದ ಕೈಗಳಲ್ಲಿ ಒಂದನ್ನು ಹಿಡಿದು ಬೆಳಕಿಗೆ ತಿರುಗಿಸಿದ. ಬೆರಳಿನ ಉಗುರಿನಿಂದ ಮುಂಗೈಯ ಮೇಲೆ ಒಂದು ಗೆರೆ ಎಳೆದ. ಒಣಗಿದ ಕೆಸರಿನ ಮೇಲೆ ಕಡ್ಡಿ ಎಳೆದಂತೆ ಬಿಳಿ ಗೆರೆ ಮೂಡಿ, ಹುರುಪೆ ಉದುರಿತು.

“ಇದೇನು, ಭಾವ?”

“ಬಿಸಿಲು.”

“ಕನಿಕನಿ. ಇಲೈಸಾನ ಬಟ್ಟಲಿನಿಂದ ನೀನೂ ಅಷ್ಟೇ ಕುಡಿದಿದ್ದೀಯ. ಈ ಚರ್ಮದ ಕೆಳಗಿನ ರಕ್ತದಲ್ಲಿ ಇಪ್ಪತ್ತೆರಡು ಬರುತ್ತಾ? ಇನ್ನೂರು ಬರುತ್ತೆ. ನಿನ್ನ ಮೈಯೇ ನಿನ್ನ ಮೇಲೆ ಚಾಡಿ ಹೇಳ್ತಿದೆ.”

ಅಪೊರೋಸಾ ಕೈ ಹಿಂದಕ್ಕೆ ಎಳೆದುಕೊಂಡ.

“ಎಂದೂ ಬಟ್ಟಲು ಮುಟ್ಟದವರ ರಕ್ತ ಇದು,” ಎಂದ ಇನೋಕೆ. “ಇನ್ನೂ ಒಂದಿದೆ. ಎರಡು ಚೀಟಿಯಲ್ಲೂ ಹಿಮೋಗ್ಲೋಬಿನ್ ಒಂಬತ್ತು ಚಿಲ್ಲರೆ. ಗದ್ದೆ ಕೆಲಸ ಮಾಡೋ ಗಂಡಸಿಗೆ ಇಷ್ಟು ಕಮ್ಮಿ ಯಾಕೆ ಅಂತ ಡಾಕ್ಟರ್ ಏಪ್ರಿಲ್‌ನಲ್ಲೇ ಬರೆದು ಕೇಳಿದ್ದರು, ಕಬ್ಬಿಣದ ಮಾತ್ರೆ ಕೊಡಿ ಅಂದಿದ್ದರು. ಊರಿನಲ್ಲಿ ಬಟ್ಟಲು ಮುಟ್ಟದೆ, ರಕ್ತ ಕಮ್ಮಿಯಾಗಿ ಇರೋರು ಯಾರು? ಹೆಂಗಸೇ ಇರಬೇಕು.” ಅವನು ರಿಜಿಸ್ಟರು ಮುಚ್ಚಿದ. “ಸೂಜಿ, ಕೊಳವೆ ಎಲ್ಲ ಕೈಯಲ್ಲೇ ಇಟ್ಟುಕೊಂಡಿರೋ ಹೆಂಗಸು. ಭಾವ, ನರ್ಸಮ್ಮನನ್ನ ತೋಳು ಮೇಲೆತ್ತೋಕೆ ಹೇಳು.”

ಅಪೊರೋಸಾ ಹೇಳಲಿಲ್ಲ. ಅವನು ಬೆಂಚಿನಿಂದ ಕಾಲು ಕೆಳಗಿಳಿಸಿ, ಬಾಗಿಲಿನ ಕಡೆ ನೋಡಿದ.

“ಹೇಳು, ಭಾವ.”

“ಅಣ್ಣ.”

ಇನೋಕೆಯ ಕಿವಿಯ ಮೇಲಿನ ಪೆನ್ಸಿಲು ಜಾರಿ ಉರುಳಿತು. ಇಪ್ಪತ್ತಾರು ವರ್ಷ. ಹಳ್ಳದಲ್ಲಿ ಒಟ್ಟಿಗೆ ಸಿಗಡಿ ಹಿಡಿಯುತ್ತಿದ್ದ ಹುಡುಗಿಯ ದನಿ ಇಪ್ಪತ್ತಾರು ವರ್ಷದ ಮೇಲೆ ನೇರವಾಗಿ ಅವನ ಕಡೆಗೆ ಬಂದಿತ್ತು. ಅವನು ತಲೆ ಎತ್ತಲಿಲ್ಲ. ಎತ್ತಲಾಗಲಿಲ್ಲ.

“ದೇವರು ಕ್ಷಮಿಸಲಿ,” ಎಂದಳು ಲೊಸಾಲಿನಿ. “ನನ್ನ ರಕ್ತ ಅಲ್ಲ. ಇವನ ಬಾಯಿಂದ ನೀನು ಕೇಳಿದ್ದೆಲ್ಲ ಅರ್ಧ. ಉಳಿದರ್ಧ ನಾನು ಹೇಳ್ತೀನಿ, ನೀನು ನೆಲ ನೋಡ್ಕೊಂಡೇ ಕೇಳು. ಏಪ್ರಿಲ್‌ನಲ್ಲಿ ಡಾಕ್ಟರ್ ಹೇಳಿದ ಕಬ್ಬಿಣದ ಮಾತ್ರೆಯನ್ನ ನಾನೇ ಪೊಟ್ಟಣ ಕಟ್ಟಿ, ಮೇಲೆ ಇಲೈಸಾ ಅಂತ ನೀಲಿ ಮಸಿಯಲ್ಲಿ ಬರೆದು ಕಳಿಸಿದೆ. ಅವನನ್ನ ಹೂಳಿದ ಮಾರನೆಯ ದಿನ ಆ ಪೊಟ್ಟಣವನ್ನ ಇನ್ನೊಬ್ಬರ ಮನೇಲಿ ಕಂಡೆ. ಬೈಬಲ್ಲಿನೊಳಗೆ. ಆಗ ಗೊತ್ತಾಯಿತು ಯಾರ ತೋಳು ಅಂತ.”

“ನರ್ಸಮ್ಮ, ಬಾಯಿ ಮುಚ್ಚು,” ಎಂದ ಅಪೊರೋಸಾ.

“ಯಾಕೆ ಹೇಳಲಿಲ್ಲ ಅಂದ್ರೆ, ಹೆತ್ತ ತಾಯಿ ಹೋದ ಮೇಲೆ ನನ್ನನ್ನ ಸಾಕಿದವರ ಮನೆ ಅದು. ಸೋಮವಾರ ನಾನೇ ಹೋಗ್ತೀನಿ ಅಂದ್ಕೊಂಡಿದ್ದೆ.”

ಇನೋಕೆಯ ಕಣ್ಣ ಮುಂದೆ ಅಂದಿನ ಬೆಳಗು ಬಂದು ನಿಂತಿತು. ಬೇಯಿಸಿದ ಮರಗೆಣಸು, ಚಹಾ. ತೆಂಗಿನಕಾಯಿ ತುರಿಯುತ್ತಿದ್ದ ತಾಯಿ ತಿಮಾಲೇತಿ ಅರ್ಧಕ್ಕೇ ನಿಲ್ಲಿಸಿ, ಏದುಸಿರು ಬಿಟ್ಟು ಗೋಡೆಗೆ ಒರಗಿದ್ದಳು. ‘ರಕ್ತ ಕಮ್ಮಿಯಂತೆ ಕಣೋ, ವಯಸ್ಸಾಯಿತು’ ಎಂದು ಬೈಬಲ್ಲಿನೊಳಗಿಂದ ಪೊಟ್ಟಣ ತೆಗೆದು ಕರಿಗೆಂಪು ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡಿದ್ದಳು. ಪೊಟ್ಟಣದ ಮೇಲಿನ ನೀಲಿ ಅಕ್ಷರವನ್ನು ಅವನು ನೋಡಿದ್ದ, ಓದಿರಲಿಲ್ಲ. ‘ಸೋಮವಾರ ಲೊಸಾಲಿನಿಯನ್ನ ಕರ್ಕೊಂಡು ಹೋಗೋದು ನಿಜವೇ?’ ಎಂದು ಅವಳು ಕೇಳಿದ್ದಳು. ನಿಜ ಅಮ್ಮ, ಎಂದಿದ್ದ. ‘ಮಧ್ಯಾಹ್ನದ ಊಟ ದವಾಖಾನೆಗೇ ತರ್ತೀನಿ’ ಎಂದಷ್ಟೇ ಹೇಳಿ ಅವಳು ಮತ್ತೆ ತುರಿಯಲು ಕೂತಿದ್ದಳು. ಅವನ ತಂದೆಯನ್ನು ಬಟ್ಟಲು ತಿಂದುಹಾಕಿದ ಮೇಲೆ ಆ ಮನೆಯೊಳಗೆ ಯಾಂಗೋನ ಬೇರಿನ ನಾರೂ ಬಂದಿರಲಿಲ್ಲ.

ಪೊಲೀಸನ ಕಣ್ಣು ಊರೆಲ್ಲ ಹುಡುಕಿತ್ತು. ತನ್ನ ತಟ್ಟೆಯ ಪಕ್ಕದಲ್ಲಿದ್ದುದನ್ನು ಬಿಟ್ಟು.

“ಹೇಳಿಬಿಟ್ಟೆಯಾ, ಮಗಳೇ?”

ಬಾಗಿಲಲ್ಲಿ ತಿಮಾಲೇತಿ ನಿಂತಿದ್ದಳು. ಸೊಂಟದ ಮೇಲೆ ತೆಂಗಿನ ಗರಿಯ ಬುಟ್ಟಿ, ಬಾಳೆಲೆ ಮುಚ್ಚಿದ ಮೀನಿನ ವಾಸನೆ. ಮೂರು ಮೆಟ್ಟಿಲು ಹತ್ತಿದ್ದಕ್ಕೇ ಅವಳ ತುಟಿ ಬಿಳಿಚಿತ್ತು.

ಅಪೊರೋಸಾ ಧಡಕ್ಕನೆ ಎದ್ದ. “ಅತ್ತೆ, ನೀವ್ಯಾಕೆ ಈ ಬಿಸಿಲಲ್ಲಿ... ಬನ್ನಿ, ಮನೆಗೆ ಬಿಡ್ತೀನಿ.”

“ನೀನು ಕೂತ್ಕೋ.” ಅವಳು ಚಾಪೆಯ ಮೇಲೆ ಬುಟ್ಟಿ ಇಳಿಸಿ ಕುಳಿತಳು. ಮಗನನ್ನು ನೋಡಿ ಎಡ ತೋಳಿನ ಬಟ್ಟೆ ಸರಿಸಿದಳು. “ಎರಡು ಸಲವೂ ಈ ತೋಳೇ. ತಂಗಿಯ ಮಗ ಅತ್ತುಕೊಂಡು ಬಂದು, ಆಸ್ಪತ್ರೆಗೆ ಹೋದರೆ ಸಾಯ್ತೀನಿ ದೊಡ್ಡಮ್ಮ ಅಂದ. ಮನೆಯಲ್ಲೇ ಸಾಯೋಕೆ ಬಿಟ್ಟೆ ನಾನು. ಬರ್ಕೋ.”

ಇನೋಕೆ ಬರೆಯಲಿಲ್ಲ. “ಅಮ್ಮಾ, ಆ ಸುಳ್ಳು ರಕ್ತ ನೋಡಿಯೇ ಅವನಿಗೆ ಮಾತ್ರೆ ಕೊಟ್ಟದ್ದು. ಕೆಟ್ಟ ಲಿವರಿನ ಮೇಲೆ ಆ ಮಾತ್ರೆ...”

“ಅದಕ್ಕೇ ಬಂದೆ,” ಎಂದಳು ತಿಮಾಲೇತಿ.

ಅವಳು ಬಾಳೆಲೆ ಸರಿಸಿದಳು. ಮರಗೆಣಸು. ಮೀನು. ಅದರ ಅಡಿಯಲ್ಲಿ ಒಂದು ಒಗೆದ ಕರವಸ್ತ್ರ. ಗಂಟು ಬಿಚ್ಚಿ, ಎರಡು ಕಂದು ಸೀಸೆಗಳನ್ನು ಮೇಜಿನ ಮೇಲೆ, ಚೀಟಿಗಳ ಪಕ್ಕದಲ್ಲಿ ಇಟ್ಟಳು.

“ಈ ಮಾತ್ರೆ ನುಂಗಿದ್ರೆ ಬಟ್ಟಲು ಮುಟ್ಟೋ ಹಾಗಿಲ್ಲವಂತೆ, ನಿನ್ನ ಹತ್ರ ಇರಲಿ ದೊಡ್ಡಮ್ಮ ಅಂತ ಎರಡು ಸಲವೂ ನನ್ನ ಕೈಗೇ ಕೊಟ್ಟು ಹೋದ. ಇದನ್ನ ತೋರಿಸಿದ್ರೆ ರಕ್ತದ ಕಥೆಯೂ ಹೊರಬರುತ್ತೆ ಅಂತ ನಾಚಿಕೆ. ಹನ್ನೆರಡು ದಿನ ನಾಚಿಕೊಂಡೆ. ಈ ಹುಡುಗಿ ದೋಣಿ ಹತ್ತೋದನ್ನ ನೋಡೋಕೆ ಆಗಲ್ಲ ನನಗೆ.”

ಲೊಸಾಲಿನಿ ಕಿಟಕಿ ಬಿಟ್ಟು ಮೇಜಿನ ಬಳಿ ಬಂದಿದ್ದಳು. ಸೀಸೆಯೊಂದನ್ನು ಎತ್ತಿದಳು. ಬೇರೆಯವರ ಕೈದಾಟಿ ಹೋಗುವ ಔಷಧಿಯೆಂದು ಅವಳು ಪ್ರತಿ ಸೀಸೆಯ ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿ, ಅದರ ಮೇಲೆ ತನ್ನ ಸಹಿ ಹಾಕಿ ಕಳಿಸುತ್ತಿದ್ದಳು. ಸಹಿ ಹರಿದಿರಲಿಲ್ಲ. ಪಟ್ಟಿಯ ಅಂಚು ಕೂಡ ಎದ್ದಿರಲಿಲ್ಲ. ಎರಡನೆಯದೂ ಹಾಗೆಯೇ. ಅಲುಗಿಸಿದಾಗ ಒಳಗೆ ಮಾತ್ರೆಗಳು ತುಂಬಿದ ಸೀಸೆಯ ಸದ್ದು ಮಾಡಿದವು.

ಇಲೈಸಾ ಹಳದಿ ಮಾತ್ರೆಯನ್ನು ದಿನಕ್ಕೊಂದೂ ನುಂಗಿರಲಿಲ್ಲ, ವಾರಕ್ಕೊಂದೂ ನುಂಗಿರಲಿಲ್ಲ.

ಲೊಸಾಲಿನಿ ಕುರ್ಚಿಯ ಮೇಲೆ ಕೂತಳು. ಎದೆಯ ಮೇಲಿನ ಕಲ್ಲು ಇಳಿದವರಂತೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತಿಮಾಲೇತಿ ಅವಳ ಮೊಣಕಾಲನ್ನು ಸವರಿದಳು. ಸೋಮವಾರದ ದೋಣಿಯನ್ನು ಇನ್ನು ಲೊಸಾಲಿನಿ ಹತ್ತಬೇಕಾಗಿರಲಿಲ್ಲ. ಆ ಕೋಣೆಯಲ್ಲಿ ಹಗುರಾಗದ ಮುಖ ಒಂದೇ ಒಂದಿತ್ತು.

ಸೀಸೆ ನನ್ನ ಬಳಿಯೇ ಇತ್ತು. ಸಮುದ್ರಕ್ಕೆ ಎಸೆದೆ. ನನ್ನ ಅಂಗೈಯಿಂದಲೇ ನುಂಗುತ್ತಿದ್ದ, ಕಣ್ಣಾರೆ ಕಂಡವನು ನಾನು. ಇನೋಕೆಯ ಪುಸ್ತಕದಲ್ಲಿ ಆ ಮಾತುಗಳು ನಿನ್ನೆಯ ತಾರೀಖಿನೊಂದಿಗೆ, ಕೆಳಗೆ ಅಪೊರೋಸಾನ ಹೆಬ್ಬೆಟ್ಟಿನ ಗುರುತಿನೊಂದಿಗೆ ಇದ್ದವು. ಆ ಮಾತು ಪೂರಾ ಸುಳ್ಳು, ಇಲ್ಲವೇ ಆ ಅಂಗೈಯಲ್ಲಿದ್ದದ್ದು ಬೇರೆ ಏನೋ. ದಾರಿಯಲ್ಲಿ ಬಿದ್ದುಹೋದ ಸೀಸೆಯ ಪ್ರಶ್ನೆ ಈಗ ತಾನೇ ಎದ್ದು ಬಂದು ಮೇಜಿನ ಮೇಲೆ ಕೂತಿತ್ತು.

ಅಪೊರೋಸಾ ಮೆಲ್ಲಗೆ ಒಂದು ಹೆಜ್ಜೆ ಹಿಂದಿಟ್ಟ. ಇನೋಕೆ ಎದ್ದು, ಅವನಿಗೂ ಬಾಗಿಲಿಗೂ ನಡುವೆ ನಿಂತ. ಆಮೇಲೆ, ಜೀವಮಾನದಲ್ಲಿ ಮೊದಲ ಬಾರಿಗೆ ದೊಡ್ಡವಳಾದ ತನ್ನ ತಂಗಿಯ ಮುಖವನ್ನು ನೇರವಾಗಿ ನೋಡಿದ.

“ತಂಗೀ, ಈಗ ನೀನು ನಡುವಿನವಳಾಗು. ಈ ಭಾವನನ್ನ ಕೇಳು,” ಎಂದ. “ಹದಿನಾಲ್ಕು ಭಾನುವಾರ ಇವನ ಅಂಗೈಯಿಂದ ಇಲೈಸಾ ಎತ್ತಿಕೊಂಡು ನುಂಗಿದ್ದು ಏನು ಅಂತ.”